ಟಸ್ಕೀಗಿಯ ಬಡ ಮಣ್ಣೂ ಕಾರ್ವರ್ ಅವರ ಬಂಡಿಯೂ

ಅಮೆರಿಕದ ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಹೆಸರಿನ ವಸ್ತುಸಂಗ್ರಹಾಲಯವಿದೆ. ಕಡಲೆಕಾಯಿಯ ಮಾಂತ್ರಿಕನೆಂದೇ ಲೋಕ ಅವರನ್ನು ಬಲ್ಲದು. ಕಡಲೆಕಾಯಿ ಬೆಣ್ಣೆಯನ್ನು ಕಂಡುಹಿಡಿದವರು ಅವರೇ ಎಂಬ ಜನಜನಿತ ನಂಬಿಕೆ ಮಾತ್ರ ನಿಜವಲ್ಲ. ಅವರು ಪಡೆದ ಪೇಟೆಂಟ್‌ಗಳು ಮೂರೇ. ಅವೂ ಸೌಂದರ್ಯವರ್ಧಕ ಮತ್ತು ಬಣ್ಣಗಳಿಗೆ ಸಂಬಂಧಿಸಿದವು. ಅವರ ನಿಜವಾದ ಸಾಧನೆ ಬೇರೆಯೇ ಇದೆ.

1864ರ ಸುಮಾರಿಗೆ ಮಿಸೌರಿಯಲ್ಲಿ ಗುಲಾಮಳ ಮಗನಾಗಿ ಹುಟ್ಟಿದ ಕಾರ್ವರ್, ಕೂಸಾಗಿದ್ದಾಗಲೇ ತಾಯಿಯೊಡನೆ ಅಪಹರಣಕ್ಕೊಳಗಾದರು. ಯಜಮಾನ ಕುದುರೆಯೊಂದನ್ನು ತೆತ್ತು ಮಗುವನ್ನು ಬಿಡಿಸಿಕೊಂಡನೆಂದು ಪ್ರತೀತಿ, ತಾಯಿ ಮರಳಲಿಲ್ಲ. ಪ್ರವೇಶ ನೀಡಿದ್ದ ಕ್ಯಾನ್ಸಸ್‌ನ ಕಾಲೇಜೊಂದು ಅವರ ಮೈಬಣ್ಣ ಕಂಡು ಹಿಂದಕ್ಕೆ ಕಳುಹಿಸಿತು. ಕೊನೆಗೆ ಅಯೋವಾದಲ್ಲಿ ಕೃಷಿ ವಿಜ್ಞಾನದ ಸ್ನಾತಕೋತ್ತರ ಪದವಿ ಪಡೆದು, 1896ರಲ್ಲಿ ಬುಕರ್ ಟಿ. ವಾಷಿಂಗ್ಟನ್ನರ ಕರೆಯ ಮೇರೆಗೆ ಟಸ್ಕೀಗಿಗೆ ಬಂದರು.

ಅಲ್ಲಿ ಅವರು ಕಂಡದ್ದು ಸ್ವಾತಂತ್ರ್ಯ ಬಂದು ಮೂರು ದಶಕಗಳಾದರೂ ಸಾಲದಿಂದ ಬಿಡುಗಡೆ ಕಾಣದ ಕಪ್ಪು ರೈತರನ್ನು. ಭೂಮಿ ಒಡೆಯನದು, ಬೀಜ, ದಿನಸಿಗೆ ಅಂಗಡಿಯ ಸಾಲ, ಸಾಲಕ್ಕೆ ಆಧಾರ ಹತ್ತಿ. ಹೀಗಾಗಿ ವರ್ಷ ವರ್ಷವೂ ಹತ್ತಿಯನ್ನೇ ಬಿತ್ತಿ ಮಣ್ಣು ಸೊರಗಿತ್ತು. ಅರ್ಥಶಾಸ್ತ್ರ ಓದಿದವರಿಗೆ ಈ ವಿಷವರ್ತುಲ ಪರಿಚಿತ. ಕೊಳ್ಳಲು ಹಣವಿಲ್ಲದವನಿಗೆ ರಾಸಾಯನಿಕ ಗೊಬ್ಬರದ ಉಪದೇಶ ವ್ಯರ್ಥವೆಂದರಿತ ಕಾರ್ವರ್, ಕೊಳೆತ ಎಲೆ ಮತ್ತು ಜೌಗುನೆಲದ ಮಣ್ಣಿನ ಗೊಬ್ಬರವನ್ನು, ಸಾರಜನಕ ಕೂಡಿಸುವ ಅಲಸಂದೆ, ಕಡಲೆಕಾಯಿಗಳನ್ನು ಸೂಚಿಸಿದರು. 1916ರ ಅವರ ಕಿರುಹೊತ್ತಗೆಯಲ್ಲಿ ಕಡಲೆಕಾಯಿಯ 105 ಅಡುಗೆಗಳಿವೆ. ಮಾರಾಟವಾಗದಿದ್ದರೂ ಮನೆಮಂದಿ ಉಣ್ಣಬಹುದಾದ ಬೆಳೆ ಎಂಬುದೇ ಅದರ ಹಿರಿಮೆ.

ಶಾಲೆಗೆ ಬರಲಾಗದ ರೈತರ ಬಳಿಗೆ 1906ರಲ್ಲಿ ಬಂಡಿಯೇ ಹೊರಟಿತು. ನ್ಯೂಯಾರ್ಕಿನ ಬ್ಯಾಂಕರ್ ಮಾರಿಸ್ ಜೆಸಪ್ ನೆರವಿನ ಈ ಜೆಸಪ್ ಬಂಡಿ ಉಪಕರಣ, ಬೀಜಗಳನ್ನು ಹೊತ್ತು ಹಳ್ಳಿ ಹಳ್ಳಿ ಸುತ್ತಿತು. ಕಚೇರಿಯಲ್ಲೇ ಕುಳಿತು ಕೃಷಿ ವಿಸ್ತರಣೆಯ ವರದಿ ಬರೆಯುವ ನಮ್ಮ ಆಡಳಿತಗಾರರು ಗಮನಿಸಬೇಕಾದ ಪ್ರಯೋಗವಿದು.

1921ರಲ್ಲಿ ಕಡಲೆಕಾಯಿಯ ಆಮದು ಸುಂಕ ಕುರಿತು ಸಂಸದೀಯ ಸಮಿತಿಯ ಮುಂದೆ ಮಾತನಾಡಿದಾಗ ಅವರಿಗೆ ದೊರೆತ ಹತ್ತು ನಿಮಿಷಗಳನ್ನು ಸದಸ್ಯರೇ ವಿಸ್ತರಿಸಿದರು. ಕೀರ್ತಿ ಬಂದದ್ದು ಹೀಗೆ. ವರ್ಣಭೇದವನ್ನು ಅವರು ನೇರವಾಗಿ ಎದುರಿಸಲಿಲ್ಲವೆಂಬ ಆಕ್ಷೇಪವಿದೆ. ಅದನ್ನು ಪೂರ್ಣವಾಗಿ ಅಲ್ಲಗಳೆಯಲಾಗದು. ಆದರೆ ಹಸಿದವನ ಹೊಲವನ್ನು ಉಳಿಸುವುದೂ ಒಂದು ಬಗೆಯ ಹೋರಾಟವೆಂದೇ ನನ್ನ ಭಾವನೆ.

ಕಾರ್ವರ್ ತಮ್ಮ ಜೀವಮಾನದ ಉಳಿತಾಯ, ಸುಮಾರು 60 ಸಾವಿರ ಡಾಲರ್, ಸಂಶೋಧನಾ ಪ್ರತಿಷ್ಠಾನಕ್ಕೂ ವಸ್ತುಸಂಗ್ರಹಾಲಯಕ್ಕೂ ಕೊಟ್ಟು 1943ರ ಜನವರಿಯಲ್ಲಿ ತೀರಿಕೊಂಡರು. 1947ರ ಬೆಂಕಿಯಲ್ಲಿ ಅವರು ಬರೆದ ವರ್ಣಚಿತ್ರಗಳಲ್ಲಿ ಬಹುಪಾಲು ನಾಶವಾದವು. ಮಿಸೌರಿಯಲ್ಲಿ ಅವರು ಗುಲಾಮನಾಗಿ ಹುಟ್ಟಿದ ಹೊಲವನ್ನು 1943ರ ಜುಲೈನಲ್ಲೇ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಲಾಗಿತ್ತು. ಕಪ್ಪು ಅಮೆರಿಕನ್ನರೊಬ್ಬರಿಗೆ ಅಂಥ ಗೌರವ ಸಂದದ್ದು ಅದೇ ಮೊದಲು.