ಬಣ್ಣದ ಬ್ರದರ್ ಮೊಸ್ಕೇನಿ

ಮಂಗಳೂರು ಬಾವುಟಗುಡ್ಡೆಯ ಸಂತ ಅಲೋಶಿಯಸ್ ಪ್ರಾರ್ಥನಾಲಯದ ಗೋಡೆ, ಛಾವಣಿಗಳ ತುಂಬಾ ಚಿತ್ರ ಬರೆದವರು ಬ್ರದರ್ ಅಂತೋನಿಯೊ ಮೊಸ್ಕೇನಿ. 1854ರಲ್ಲಿ ಇಟಲಿಯ ಬೆರ್ಗಾಮೊ ಬಳಿ ಹುಟ್ಟಿದ ಇವರು ಹೆಸರಾಂತ ಚಿತ್ರಕಾರರಾಗಿದ್ದೂ 1889ರಲ್ಲಿ ಯೇಸುಸಭೆ ಸೇರಿದರು. ಗುರುಗಳಾಗಲಿಲ್ಲ, ಸಹೋದರರಾಗಿಯೇ ಉಳಿದರು.

1899ರಲ್ಲಿ ಮಂಗಳೂರಿಗೆ ಬಂದರು. ಗೋಡೆಯ ಚಿತ್ರಗಳನ್ನು ಹಸಿ ಗಾರೆಯ ಮೇಲೆಯೇ ಬರೆಯಬೇಕು. ಗಾರೆ ಒಣಗಿದರೆ ಮುಗೀತು, ತಿದ್ದೋಕಾಗಲ್ಲ. ಛಾವಣಿಯದ್ದು ಕ್ಯಾನ್ವಾಸಿನ ಮೇಲಿನ ಎಣ್ಣೆಬಣ್ಣ. ಸುಮಾರು ಎರಡೇ ವರ್ಷದಲ್ಲಿ ಇಷ್ಟೆಲ್ಲಾ!

ಕೊಚ್ಚಿಯ ಸಾಂತಾ ಕ್ರೂಜ್ ದೇವಾಲಯಕ್ಕೂ ಇವರದೇ ಚಿತ್ರ. 1905ರ ನವೆಂಬರ್ 19ರಂದು ಅದರ ಪ್ರತಿಷ್ಠೆ. ಬ್ರದರ್ 15ರಂದೇ ತೀರಿಕೊಂಡರು.

ಕರಾವಳಿಯ ತೇವಕ್ಕೆ ಮಂಗಳೂರಿನ ಚಿತ್ರಗಳು ಮಾಸತೊಡಗಿದವು. 1990ರ ದಶಕದಲ್ಲಿ ಇಂಟ್ಯಾಕ್ ಸಂಸ್ಥೆಯ ತಜ್ಞರು ಅವನ್ನು ಉಳಿಸಿಕೊಟ್ಟರು. ಯಾತ್ರಿಕರು ಛಾವಣಿಯಲ್ಲಿ ರೋಮಿನ ಪ್ಲೇಗು ರೋಗಿಗಳ ಸೇವೆ ಮಾಡುತ್ತಿರುವ ಅಲೋಶಿಯಸರನ್ನು ತಪ್ಪದೆ ನೋಡಬೇಕು.