‘ಬ್ಯಾಕ್‌ವರ್ಡ್’ ಪದಕ್ಕೆ ಅರಸು ಕೊಟ್ಟ ಅರ್ಥ

ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಬಿಸಿಎಂ ಹಾಸ್ಟೆಲ್ ಅಂದ್ರೆ ಎಲ್ಲರಿಗೂ ಗೊತ್ತು. ಅದರ ‘ಬಿ’ ಅಂದ್ರೆ ಬ್ಯಾಕ್‌ವರ್ಡ್. ಹಳ್ಳಿ ಹುಡುಗರಿಗೆ ಊಟ, ಮಂಚ, ಓದು ಕೊಟ್ಟ ಪದ ಅದು. ಅದೇ ಪದವನ್ನು ಬೆಂಗಳೂರಿನ ಗೆಳೆಯರು ಎಚ್.ಡಿ. ಕೋಟೆ ಜನರ ಬಗ್ಗೆ ಆಡಿದಾಗ ನನಗೆ ಬೈಗುಳದಂತೆ ಕೇಳುತ್ತೆ. ಬೈಗುಳವಾಗಿದ್ದ ಈ ಪದವನ್ನು ಹಕ್ಕಿನ ಪದವಾಗಿ ಬೆಳೆಸಿದವರು ಹುಣಸೂರಿನವರೇ ಆದ ಡಿ. ದೇವರಾಜ ಅರಸು.

1915ರಲ್ಲಿ ಹುಟ್ಟಿದ ಅರಸು ಅವರ ಊರು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ. ಅವರ ಸಮುದಾಯಕ್ಕೆ ಮೈಸೂರು ಅರಮನೆಯ ನೆಂಟಸ್ತಿಕೆ ಇತ್ತು, ಓಟಿನ ಬಲ ಇರಲಿಲ್ಲ. 1952ರಲ್ಲಿ ಹುಣಸೂರಿನಿಂದ ಶಾಸಕರಾದರು. 1972ರಲ್ಲಿ ಮುಖ್ಯಮಂತ್ರಿಯಾದಾಗ ಅವರ ಹಿಂದೆ ದೊಡ್ಡ ಜಾತಿಯ ಬೆಂಬಲ ಇರಲಿಲ್ಲ. ಹಾಗಾಗಿ ಸಣ್ಣ ಸಣ್ಣ ಜಾತಿಗಳನ್ನೇ ಜೊತೆಗೂಡಿಸಿದರು.

ಪದವೇನೂ ಹೊಸದಲ್ಲ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ನೇಮಿಸಿದ ಮಿಲ್ಲರ್ ಸಮಿತಿಯಲ್ಲಿ, ಸರ್ಕಾರಿ ನೌಕರಿಯಲ್ಲಿ ಸಾಕಷ್ಟು ಪಾಲು ಸಿಗದ ಸಮುದಾಯಗಳು ಅಂತ ಅದರ ಅರ್ಥ. ಬುದ್ಧಿ ಕಮ್ಮಿ ಅಂತಲ್ಲ, ಪಾಲು ಕಮ್ಮಿ ಅಂತ. ಆದರೆ ಅಷ್ಟು ದೊಡ್ಡ ಗುಂಪಿನಲ್ಲಿ ಮಡಿವಾಳ, ಕುಂಬಾರ, ಸವಿತಾ ಸಮಾಜದಂಥವರ ದನಿ ಕೇಳುವುದು ಕಷ್ಟ. ಅರಸು 1972ರಲ್ಲಿ ಎಲ್.ಜಿ. ಹಾವನೂರು ಆಯೋಗ ರಚಿಸಿದರು. ಯಾವ ಜಾತಿಯವರು ಎಸ್ಸೆಸ್ಸೆಲ್ಸಿ ಎಷ್ಟು ಪಾಸಾಗ್ತಾರೆ, ನೌಕರಿಯಲ್ಲಿ ಎಷ್ಟಿದ್ದಾರೆ ಎಂಬ ಲೆಕ್ಕ ಹಾಕಿ ಆಯೋಗ 1975ರಲ್ಲಿ ವರದಿ ಕೊಟ್ಟಿತು. ಹಿಂದುಳಿದವರೊಳಗೇ ಮೂರು ಗುಂಪು ಮಾಡಿತು. 1977ರಲ್ಲಿ ಮೀಸಲಾತಿ ಆದೇಶ ಬಂತು.

ಭೂಸುಧಾರಣೆಯಲ್ಲೂ ಹೀಗೇ. 1974ರ ತಿದ್ದುಪಡಿ ಕಾಯ್ದೆಯಿಂದ ‘ಟೆನೆಂಟ್’ ಅನ್ನೋ ಕಚೇರಿ ಪದ, ನಮೂನೆ 7 ತುಂಬಿದ ಗೇಣಿದಾರನ ಪಾಲಿಗೆ ಜಮೀನಿನ ಒಡೆತನದ ದಾರಿಯಾಯ್ತು.

ಅರಸು ದೇವರಲ್ಲ. ತುರ್ತುಪರಿಸ್ಥಿತಿಯಲ್ಲಿ ಇಂದಿರಾ ಗಾಂಧಿ ಜೊತೆಗಿದ್ದರು. ಗೇಣಿಯೂ ಇಲ್ಲದ ಕೂಲಿಯವರಿಗೆ ಅವರ ಕಾಯ್ದೆಯಿಂದ ದಕ್ಕಿದ್ದು ಕಡಿಮೆ. 1980ರಲ್ಲಿ ಅಧಿಕಾರ ಹೋಯ್ತು, 1982ರಲ್ಲಿ ತೀರಿಕೊಂಡರು.

ನನ್ನ ತಕರಾರು ಕನ್ನಡದ ಅನುವಾದದ ಬಗ್ಗೆ. ‘ಹಿಂದುಳಿದ’ ಅಂದ್ರೆ ತಾವಾಗೇ ಹಿಂದೆ ಉಳಿದವರು ಅನ್ನೋ ಹಾಗಿದೆ. ಕಬಿನಿ ಜಲಾಶಯಕ್ಕೆ ಊರು ಬಿಟ್ಟ ಕೋಟೆಯವರು, ಕಾಡಿನಿಂದ ಹೊರಬಿದ್ದ ಜೇನುಕುರುಬರು ತಾವಾಗೇ ಹಿಂದೆ ಉಳಿದರಾ? ಇನ್ನೊಮ್ಮೆ ಯಾರನ್ನಾದರೂ ಬ್ಯಾಕ್‌ವರ್ಡ್ ಅನ್ನುವಾಗ, ಅವರ ಪಾಲು ಯಾರ ಹತ್ತಿರ ಇದೆ ಅಂತಲೂ ಕೇಳಿ.