ಎಣ್ಣೆ, ನೀರು ಮತ್ತು ಭಟ್ನಾಗರ್

ಸಿಎಸ್‌ಐಆರ್-ನೆಟ್‌ಗೆ ಓದುವವರಿಗೆ ಶಾಂತಿ ಸ್ವರೂಪ್ ಭಟ್ನಾಗರ್ ಹೆಸರು ಹೊಸದಲ್ಲ. ಅವರ ಹೆಸರಿನ ಪ್ರಶಸ್ತಿಯನ್ನು ಸಾಮಾನ್ಯ ಜ್ಞಾನದ ಪ್ರಶ್ನೆಗೆಂದು ಬಾಯಿಪಾಠ ಮಾಡುತ್ತೇವೆ. ಆದರೆ ಅವರ ಬದುಕಿಗೆ ತಿರುವು ಕೊಟ್ಟದ್ದು ಎಣ್ಣೆ ಮತ್ತು ನೀರು.

1894ರ ಫೆಬ್ರುವರಿ 21ರಂದು, ಈಗ ಪಾಕಿಸ್ತಾನದಲ್ಲಿರುವ ಭೇರಾದಲ್ಲಿ ಹುಟ್ಟಿದ ಅವರು ಎಂಟು ತಿಂಗಳ ಕೂಸಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡರು. ಬೆಳೆದದ್ದು ಅಜ್ಜನ ಮನೆಯಲ್ಲಿ. ಲಾಹೋರಿನಲ್ಲಿ ಎಂ.ಎಸ್ಸಿ. ಮುಗಿಸಿ, ವಿದ್ಯಾರ್ಥಿವೇತನ ಪಡೆದು ಅಮೆರಿಕಕ್ಕೆ ಹೊರಟರು. ಲಂಡನ್ ತಲುಪಿದಾಗ, ಮೊದಲ ಮಹಾಯುದ್ಧ ಮುಗಿಸಿ ಊರಿಗೆ ಮರಳುವ ಅಮೆರಿಕದ ಸೈನಿಕರಿಗೇ ಹಡಗುಗಳೆಲ್ಲ ಮೀಸಲಾಗಿದ್ದವು. ಭಟ್ನಾಗರ್ ಅಲ್ಲಿಯೇ ಉಳಿದು, ಯೂನಿವರ್ಸಿಟಿ ಕಾಲೇಜಿನ ಪ್ರೊ. ಡೊನನ್ ಅವರ ಬಳಿ ಎಮಲ್ಷನ್ ಅಧ್ಯಯನಕ್ಕೆ ಇಳಿದರು. 1921ರಲ್ಲಿ ಡಿ.ಎಸ್ಸಿ. ಬಂತು.

ಎಣ್ಣೆ, ನೀರು ತಾವಾಗಿ ಬೆರೆಯುವುದಿಲ್ಲ. ಜೋರಾಗಿ ಕಲಕಿದರೆ ಒಂದು ಇನ್ನೊಂದರಲ್ಲಿ ಸಣ್ಣ ಹನಿಗಳಾಗಿ ಹರಡುತ್ತದೆ. ಸೋಪಿನಂಥ ವಸ್ತು ಹನಿಯ ಸುತ್ತ ಪೊರೆ ಕಟ್ಟಿದರೆ ಹನಿಗಳು ಒಂದಾಗದೆ ಉಳಿಯುತ್ತವೆ. ಇದೇ ಎಮಲ್ಷನ್. ಕಚ್ಚಾ ತೈಲದಲ್ಲಿ ಆಸ್ಫಾಲ್ಟೀನ್‌ಗಳು ಉಪ್ಪುನೀರಿನ ಹನಿಗಳಿಗೆ ಇಂಥದೇ ಪೊರೆ ಹೊದಿಸುತ್ತವೆ. ಕಾಯಿಸಿ, ರಾಸಾಯನಿಕ ಬೆರೆಸಿ ಅಥವಾ ವಿದ್ಯುತ್ ಹಾಯಿಸಿ ಪೊರೆಯನ್ನು ದುರ್ಬಲಗೊಳಿಸಿದರೆ ಹನಿಗಳು ಕೂಡಿಕೊಂಡು ನೀರು ತಳಕ್ಕಿಳಿಯುತ್ತದೆ. ಕೊಬ್ಬಿನಾಮ್ಲದ ಲವಣಗಳು ಎಣ್ಣೆಯ ಮೇಲ್ಮೈ ಎಳೆತವನ್ನು ಹೇಗೆ ಬದಲಿಸುತ್ತವೆ ಎಂಬುದೇ ಭಟ್ನಾಗರ್ ಅವರ ಪ್ರಬಂಧದ ವಿಷಯ.

ಈ ಓದು ಪುಸ್ತಕದಲ್ಲೇ ಉಳಿಯಲಿಲ್ಲ. ಅವರು ಲಾಹೋರಿನಲ್ಲಿ ಪ್ರಾಧ್ಯಾಪಕರಾಗಿದ್ದಾಗ ರಾವಲ್ಪಿಂಡಿಯ ಅಟಾಕ್ ತೈಲ ಕಂಪನಿಗೆ ಸಂಕಟ ಎದುರಾಯಿತು. ಬಾವಿ ಕೊರೆಯಲು ಬಳಸುವ ಕೆಸರು ಉಪ್ಪುನೀರು ತಾಗಿದೊಡನೆ ಗಟ್ಟಿಯಾಗಿ ಕೆಲಸವೇ ನಿಲ್ಲುತ್ತಿತ್ತು. ಎಮಲ್ಷನ್ ಬಲ್ಲ ಭಟ್ನಾಗರ್ ಅವರಿಗೆ ಇದು ಯಂತ್ರದ ದೋಷವಾಗಿ ಕಾಣಲಿಲ್ಲ. ಉಪ್ಪು ಜೇಡಿಮಣ್ಣಿನ ಕಣಗಳನ್ನು ಒಂದಕ್ಕೊಂದು ಅಂಟಿಸುತ್ತಿತ್ತು. ಕಣಗಳಿಗೂ ಒಂದು ಪೊರೆ ಬೇಕಿತ್ತು. ಅವರು ಕೆಸರಿಗೆ ಮರದ ಅಂಟು ಬೆರೆಸಿದರು. ಕೆಸರು ತೆಳುವಾಗಿಯೇ ಉಳಿಯಿತು.

ಸಂತೋಷಗೊಂಡ ಸ್ಟೀಲ್ ಬ್ರದರ್ಸ್ ಸಂಸ್ಥೆ ಸಂಶೋಧನೆಗೆಂದು 1,50,000 ರೂಪಾಯಿ ನೀಡಿತು. ಆ ಹಣ ವಿಶ್ವವಿದ್ಯಾಲಯಕ್ಕೆ ಸೇರಿ, ಅಲ್ಲಿ ಪೆಟ್ರೋಲಿಯಂ ಸಂಶೋಧನಾ ವಿಭಾಗ ಹುಟ್ಟಿತು. ಭಟ್ನಾಗರ್ ತಮಗಾಗಿ ಏನನ್ನೂ ಇಟ್ಟುಕೊಳ್ಳಲಿಲ್ಲ.

ಮುಂದೆ ಸಿಎಸ್‌ಐಆರ್‌ನ ಮೊದಲ ನಿರ್ದೇಶಕರಾಗಿ ದೇಶದಾದ್ಯಂತ ಪ್ರಯೋಗಾಲಯಗಳನ್ನು ಕಟ್ಟಿದರು. 1950ರಲ್ಲಿ ಆರಂಭವಾದ ಮೈಸೂರಿನ ಸಿಎಫ್‌ಟಿಆರ್‌ಐ ಅವುಗಳಲ್ಲೊಂದು. 1955ರ ಜನವರಿ 1ರಂದು ತೀರಿಕೊಂಡರು.

ಬಯಸಿದ ಕೋರ್ಸು, ಕಾದ ನೌಕರಿ ಕೈತಪ್ಪಿದಾಗ ಎಲ್ಲ ಮುಗಿಯಿತು ಅನ್ನಿಸುತ್ತದೆ. ಭಟ್ನಾಗರ್ ಅವರಿಗೂ ಹಡಗು ಸಿಕ್ಕಿರಲಿಲ್ಲ. ಸಿಕ್ಕ ಜಾಗದಲ್ಲಿ ಮನಸ್ಸಿಟ್ಟು ಕಲಿತದ್ದೇ ಅವರ ಕೈಹಿಡಿಯಿತು.